ಮೀಟ್‌ಲೋಫ್, ಹುರಿಗಡಲೆ ಮತ್ತು ಒಂದು ಹಳೇ ಬಾಕಿ



ಇಲ್ಲಿ ಸಾಮಾನ್ಯವಾಗಿ ನಾನು ಮಾತಾಡೋದು ದುಡ್ಡಿನ ವಿಷಯ. ಇಎಂಐ, ಉಳಿತಾಯ, ತಿಂಗಳ ಕೊನೇ ವಾರ ಹೇಗೆ ದಾಟೋದು, ಇಂಥವು. ಈ ವಾರ ಅಡುಗೆ. ಗಾಬರಿಯಾಗಬೇಡಿ, ಓದಿದ್ದು ಬಿಕಾಂ, ಲೆಕ್ಕ ಬಂದೇ ಬರುತ್ತೆ. ಸಸ್ಯಾಹಾರಿಗಳು ಅಡುಗೆ ಭಾಗ ಬಿಟ್ಟು ಉಳಿದದ್ದು ಕೇಳಿ, ಪರವಾಗಿಲ್ಲ.

ಹೋದ ವರ್ಷ ಚಳಿಗಾಲದಲ್ಲಿ ನಾನು ಅಮ್ಮನ ಜೊತೆ ಅಮೆರಿಕಕ್ಕೆ ಹೋಗಿದ್ದೆ. ಓಹಾಯೊ ರಾಜ್ಯದ ಕೊಲಂಬಸ್‌ನಲ್ಲಿ ನಮ್ಮಕ್ಕ ಇದ್ದಾಳೆ. ಅವಳ ಬಾಣಂತನಕ್ಕೆ ಅಮ್ಮ ಹೋಗಲೇಬೇಕಿತ್ತು. ಆದ್ರೆ ಮಂಡ್ಯದಿಂದ ಬೆಂಗಳೂರಿಗೇ ಒಬ್ಬರೇ ಬರದ ಅಮ್ಮ ಅಷ್ಟು ದೂರ ಒಬ್ಬರೇ ಹೋಗ್ತಾರಾ? ನನ್ನ ಕೆಲಸ ಲ್ಯಾಪ್‌ಟಾಪ್ ಮತ್ತು ಮೈಕ್ ಇದ್ದಲ್ಲಿ ನಡೆಯುತ್ತೆ. ಹೊರಟೆ. ಬ್ಯಾಗಲ್ಲಿ ಬಾಣಂತಿ ಲೇಹ್ಯ, ಖಾರದ ಪುಡಿ, ಎರಡು ಕೆಜಿ ಹುರಿಗಡಲೆ.

ಅಕ್ಕ ಆಸ್ಪತ್ರೆಯಿಂದ ಮನೆಗೆ ಬಂದ ಮೂರನೇ ದಿನ ಪಕ್ಕದ ಮನೆ ಅಜ್ಜಿ ಬಾಗಿಲು ತಟ್ಟಿದ್ರು. ಎಂಬತ್ತು ದಾಟಿದವರು, ಒಬ್ಬರೇ ಇರೋದು. ಕೈಯಲ್ಲಿ ಫಾಯಿಲ್ ಮುಚ್ಚಿದ ಟ್ರೇ. ಅಲ್ಲಿ ಒಂದು ಒಳ್ಳೇ ಪದ್ಧತಿ ಇದೆ. ಮಗು ಹುಟ್ಟಿದ ಮನೆಗೆ ನೆರೆಹೊರೆಯವರು ಅಡುಗೆ ಮಾಡಿ ತಂದು ಕೊಡ್ತಾರೆ. ಆ ಅಜ್ಜಿ ಮೊದಲೇ ಅಕ್ಕನಿಗೆ ಫೋನ್ ಮಾಡಿ, ನೀವು ಏನು ತಿಂತೀರಿ, ಏನು ತಿನ್ನಲ್ಲ ಅಂತ ಕೇಳಿದ್ರಂತೆ. ಬೀಫ್ ತಿನ್ನಲ್ಲ ಅಂದಿದ್ದಕ್ಕೆ ಟರ್ಕಿ ಕೈಮಾದಲ್ಲಿ ಮಾಡಿ ತಂದಿದ್ರು. ಅಮ್ಮನಿಗೆ ನಾನು ಹೇಳಿದೆ, ಟರ್ಕಿ ಅಂದ್ರೆ ದೊಡ್ಡ ಕೋಳಿ ಕಣಮ್ಮ.

ಫಾಯಿಲ್ ತೆಗೆದ್ರೆ ಒಳಗೆ ಬ್ರೆಡ್ಡಿನ ಆಕಾರದ ಒಂದು ಗಟ್ಟಿ. ಮೇಲೆ ಕಡುಗೆಂಪಾಗಿ ಹೊಳೆಯೋ ಲೇಪ, ಅಂಚಲ್ಲಿ ಸ್ವಲ್ಪ ಸೀದು ಕಪ್ಪಾಗಿದೆ.

"ಇದೇನು ಮಗ, ಕೇಕಾ?"

ಕೇಕಲ್ಲ, ಮೀಟ್‌ಲೋಫ್. ಲೋಫ್ ಅಂದ್ರೆ ಬ್ರೆಡ್ಡಿನ ಇಡೀ ಗಟ್ಟಿ. ಕೈಮಾವನ್ನ ಅದೇ ಆಕಾರಕ್ಕೆ ತಟ್ಟಿ, ಒಲೆ ಮೇಲಲ್ಲ, ಓವನ್‌ನಲ್ಲಿ ಬೇಯಿಸೋದು. ಅಮೆರಿಕದ ಸಾಧಾರಣ ಮನೆಗಳ ರಾತ್ರಿ ಊಟ. ದೊಡ್ಡ ಹಬ್ಬದ ಅಡುಗೆ ಅಲ್ಲ. ವಾರದ ಮಧ್ಯೆ ಆಲೂಗಡ್ಡೆ ಹಿಸುಕಿ, ಬೀನ್ಸ್ ಬೇಯಿಸಿ, ಜೊತೆಗೆ ಇದನ್ನ ಒಂದೊಂದು ಹೋಳು ಬಡಿಸ್ತಾರೆ. ಮಿಕ್ಕಿದ್ದು ಮಾರನೇ ದಿನ ಬ್ರೆಡ್ಡಿನ ಮಧ್ಯೆ ಸೇರಿ ಆಫೀಸಿನ ಡಬ್ಬಿಗೆ ಹೋಗುತ್ತೆ.

ಅಕ್ಕನಿಗೆ ಪಥ್ಯ ಅಂತ ಅಮ್ಮ ಉಗುರಿನಷ್ಟು ಕೊಟ್ಟರು. ಆಮೇಲೆ ತಾವು ಒಂದು ಹೋಳು ಬಾಯಿಗಿಟ್ಟು ನಿಧಾನವಾಗಿ ಅಗಿದರು. ಅಮ್ಮ ಹಾಗೆ ಅಗಿತಾರೆ ಅಂದ್ರೆ ತಪಾಸಣೆ ನಡೀತಿದೆ ಅಂತ ಅರ್ಥ.

"ಇದಕ್ಕೆ ಏನೋ ಹಾಕವ್ರೆ. ಬರೀ ಕೈಮಾ ಆದ್ರೆ ಇಷ್ಟು ಮೆತ್ತಗೆ ಇರಕ್ಕಿಲ್ಲ. ನಾವು ಉಂಡೆಗೆ ಹುರಿಗಡ್ಲೆ ಹಾಕಲ್ವಾ, ಹಂಗೆ."

ಭಾವ ಫೋನ್ ಮಾಡಿ ಕೇಳಿದ್ರು. ಹೌದು, ಹಾಲಲ್ಲಿ ನೆನೆಸಿದ ಬ್ರೆಡ್. ಅಮ್ಮನಿಗೆ ಇಂಗ್ಲಿಷ್ ಬರಲ್ಲ, ಮೀಟ್‌ಲೋಫ್ ಅನ್ನೋ ಹೆಸರು ಕೇಳಿ ಹತ್ತು ನಿಮಿಷವೂ ಆಗಿಲ್ಲ. ನಾಲಿಗೇಲೇ ಕಂಡುಹಿಡಿದಿದ್ರು.

ಎಲ್ಲರೂ ಮೆಚ್ಚಿದ್ರು. ನಾನು ಮಾತ್ರ ತಟ್ಟೆ ನೋಡ್ತಾ ಕೂತೆ. ಹುರಿಗಡಲೆ ಅಂದ ಕೂಡಲೇ ನನಗೆ ಒಂದು ಭಾನುವಾರ ನೆನಪಾಯ್ತು.

ನಾನಾಗ ಸೆಕೆಂಡ್ ಪಿಯುಸಿ. ಅಪ್ಪನ ದಿನಸಿ ಅಂಗಡಿ ಮುಚ್ಚಿ ಕೆಲವು ತಿಂಗಳಾಗಿತ್ತು. ಮನೇಲಿ ಆರು ಜನ. ಭಾನುವಾರದ ಕೈಮಾ ಉಂಡೆ ಸಾರು ಮಾತ್ರ ನಿಲ್ಲಲಿಲ್ಲ, ಆದ್ರೆ ಒಂದು ಕೆಜಿ ಬರ್ತಿದ್ದ ಜಾಗಕ್ಕೆ ಅರ್ಧ ಕೆಜಿ ಬರ್ತಿತ್ತು. ಆವತ್ತು ನನ್ನ ಇಬ್ಬರು ಸ್ನೇಹಿತರು ಬಂದಿದ್ರು. ಊಟಕ್ಕೆ ಕೂತಾಗ ಜಂಬಕ್ಕೋ, ಹುಡುಗಾಟಕ್ಕೋ, ನಾನಂದೆ: "ಇದು ಕೈಮಾ ಉಂಡೆ ಅಲ್ಲ ಕಣ್ರೋ, ಕಡ್ಲೆ ಉಂಡೆ. ನಮ್ಮಮ್ಮ ಕಲಬೆರಕೆ ಮಾಡ್ತಾರೆ." ಎಲ್ಲರೂ ನಕ್ಕರು. ಅಮ್ಮನೂ ನಕ್ಕರು. ಅವರು ಆವತ್ತು ಮುದ್ದೆಗೆ ಬರೀ ಸಾರು ಹಾಕ್ಕೊಂಡು ಉಂಡರು ಅಂತ ರಾತ್ರಿ ಅಕ್ಕ ಹೇಳಿದಳು. ನಾನು ಆ ವಿಷಯ ಎತ್ತಲಿಲ್ಲ. ಹತ್ತು ವರ್ಷ ದಾಟಿದ್ರೂ ಎತ್ತಿರಲಿಲ್ಲ.

ಸರಿ, ಕೊಲಂಬಸ್‌ಗೆ ವಾಪಸ್ ಬರೋಣ. ಮುಂದಿನ ವಾರ ಆ ಅಜ್ಜಿ ನಮ್ಮನ್ನ ಅವರ ಅಡುಗೆಮನೆಗೆ ಕರೆದ್ರು. ನಾನು ದುಭಾಷಿ. ಅವರ ಹತ್ತಿರ ಒಂದು ತಗಡಿನ ಡಬ್ಬಿ, ಅದರ ತುಂಬ ರಟ್ಟಿನ ಕಾರ್ಡುಗಳು. ಮೀಟ್‌ಲೋಫ್ ಕಾರ್ಡ್ ಅವರ ತಾಯಿಯ ಕೈಬರಹದ್ದು, ಎಣ್ಣೆ ಕಲೆ ತುಂಬಿ ಅರ್ಧ ಅಕ್ಷರ ಕಾಣಲ್ಲ. ನಾನು ಬರ್ಕೊಂಡಿದ್ದನ್ನ ಹೇಳ್ತೀನಿ.

ಮಾಂಸ ಎರಡು ಪೌಂಡ್, ಅಂದ್ರೆ 900 ಗ್ರಾಂ. ಅಲ್ಲಿ ಮಾಮೂಲಿಯಾಗಿ ಬೀಫ್ ಕೈಮಾ, ಅದರಲ್ಲಿ 80 ಭಾಗ ಮಾಂಸ, 20 ಭಾಗ ಕೊಬ್ಬು. ಕೊಬ್ಬಿಲ್ಲದ ಕೈಮಾ ತಂದ್ರೆ ಒಣ ಇಟ್ಟಿಗೆ ಆಗುತ್ತೆ. ಬ್ರೆಡ್ಡಿನ ತುಂಡು ಸುಮಾರು 100 ಗ್ರಾಂ, ಅರ್ಧ ಕಪ್ ಹಾಲು, ಎರಡು ಮೊಟ್ಟೆ, ಸಣ್ಣಗೆ ಹೆಚ್ಚಿ ಬಾಡಿಸಿದ ಒಂದು ದೊಡ್ಡ ಈರುಳ್ಳಿ, ಎರಡು ಎಸಳು ಬೆಳ್ಳುಳ್ಳಿ, ಒಂದೂವರೆ ಟೀ ಚಮಚ ಉಪ್ಪು, ಮೆಣಸಿನ ಪುಡಿ, ಒಂದು ದೊಡ್ಡ ಚಮಚ ವೂಸ್ಟರ್‌ಶೈರ್ ಸಾಸ್.

ಮೊದಲು ಬ್ರೆಡ್ಡನ್ನ ಹಾಲಲ್ಲಿ ಹತ್ತು ನಿಮಿಷ ನೆನೆಸಿ ಹಿಸುಕಬೇಕು. ಆಮೇಲೆ ಮೊಟ್ಟೆ, ಆರಿದ ಈರುಳ್ಳಿ, ಮಸಾಲೆ. ಕೈಮಾ ಕೊನೇಲಿ, ಫ್ರಿಜ್ಜಿನಿಂದ ತೆಗೆದು ತಣ್ಣಗಿರೋವಾಗಲೇ. ಬೆರಳ ತುದೀಲಿ ಹಗುರವಾಗಿ ಕಲಸಬೇಕು, ಚಪಾತಿ ಹಿಟ್ಟಿನ ಥರ ನಾದಬಾರದು. ನಾದಿದಷ್ಟೂ ಮಾಂಸ ಅಂಟಂಟಾಗಿ ಬಿಗಿಯುತ್ತೆ, ಬೆಂದ ಮೇಲೆ ರಬ್ಬರ್.

ಬ್ರೆಡ್ ಅಚ್ಚಿನಲ್ಲಿ ತುಂಬಿ ಬೇಯಿಸೋರೂ ಇದ್ದಾರೆ. ಆ ಅಜ್ಜಿ ಬಯಲು ಟ್ರೇ ಮೇಲೆ ಕೈಯಲ್ಲೇ ಆಕಾರ ಕೊಟ್ಟರು. ಅಚ್ಚಿನಲ್ಲಾದ್ರೆ ಕರಗಿದ ಕೊಬ್ಬಲ್ಲೇ ಬೇಯುತ್ತೆ, ಟ್ರೇ ಮೇಲಾದ್ರೆ ಕೊಬ್ಬು ಹರಿದುಹೋಗಿ ಮೂರು ಬದೀಲೂ ಲೇಪ ಹಿಡಿಯುತ್ತೆ.

ಲೇಪಕ್ಕೆ ಅರ್ಧ ಕಪ್ ಟೊಮ್ಯಾಟೊ ಕೆಚಪ್, ಎರಡು ದೊಡ್ಡ ಚಮಚ ಬ್ರೌನ್ ಶುಗರ್, ಒಂದು ದೊಡ್ಡ ಚಮಚ ವಿನೆಗರ್. ಸಿಹಿ, ಹುಳಿ, ಉಪ್ಪು ಮೂರೂ ಇರೋದರಿಂದ ನಮ್ಮ ಗೊಜ್ಜಿನ ನೆಂಟ ಅನ್ನಿಸುತ್ತೆ. 175 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಟ್ಟು ಒಂದು ಗಂಟೆ, ಕೆಲವೊಮ್ಮೆ ಇನ್ನೂ ಹತ್ತು ನಿಮಿಷ. ಲೇಪದಲ್ಲಿ ಅರ್ಧ ಮೊದಲೇ ತೆಳ್ಳಗೆ ಸವರಿ, ಉಳಿದರ್ಧ ಕೊನೇ ಹದಿನೈದು ನಿಮಿಷಕ್ಕೆ ಇಟ್ಟುಕೊಳ್ಳಿ. ಎಲ್ಲಾ ಮೊದಲೇ ಹಾಕಿದ್ರೆ ಸಕ್ಕರೆ ಸೀಯುತ್ತೆ.

ಬೆಂದಿದೆಯಾ ಅಂತ ಬಣ್ಣ ನೋಡಿ ಹೇಳೋಕಾಗಲ್ಲ. ಅಡುಗೆ ಥರ್ಮಾಮೀಟರನ್ನ ನಡುಮಧ್ಯಕ್ಕೆ ಚುಚ್ಚಬೇಕು. ಬೀಫ್, ಪೋರ್ಕ್, ಮಟನ್ ಕೈಮಾಗೆ 71 ಡಿಗ್ರಿ, ಕೋಳಿ ಅಥವಾ ಟರ್ಕಿಗೆ 74 ಡಿಗ್ರಿ. ಇದು ಅಮೆರಿಕದ ಕೃಷಿ ಇಲಾಖೆ ಹೇಳೋ ಸುರಕ್ಷತೆಯ ಮಟ್ಟ. ಹೊರಗೆ ತೆಗೆದ ಮೇಲೆ ಹತ್ತು ನಿಮಿಷ ಮುಟ್ಟಬೇಡಿ. ಬಿಸಿ ಬಿಸಿ ಕೊಯ್ದರೆ ರಸವೆಲ್ಲ ಹಲಗೆ ಮೇಲೆ.

ಅದು ಓವನ್‌ನಲ್ಲಿರೋವಾಗ ಆ ಅಜ್ಜಿ ಅವರ ಕಥೆ ಹೇಳಿದ್ರು. ಎರಡನೇ ಮಹಾಯುದ್ಧದ ಹೊತ್ತಿಗೆ ಅವರು ಪುಟ್ಟ ಹುಡುಗಿ. 1943ರ ಮಾರ್ಚ್‌ನಿಂದ ಅಮೆರಿಕದಲ್ಲಿ ಮಾಂಸಕ್ಕೂ ರೇಷನ್. ದುಡ್ಡಿದ್ದರೆ ಸಾಲದು, ಸರ್ಕಾರ ಕೊಟ್ಟ ಪುಸ್ತಕದಿಂದ ಕೆಂಪು ಚೀಟಿನೂ ಕೊಡಬೇಕು. ಅವರಮ್ಮ ಅಡುಗೆಮನೆ ಮೇಜಿನ ಮೇಲೆ ಆ ಚೀಟಿಗಳನ್ನ ಹರಡಿಕೊಂಡು ಎಣಿಸ್ತಿದ್ದದ್ದು ಇನ್ನೂ ನೆನಪಿದೆಯಂತೆ. ಅದಕ್ಕೂ ಮುಂಚೆ 1929ರಿಂದ ಶುರುವಾದ ಆರ್ಥಿಕ ಕುಸಿತದಲ್ಲೂ ಅಲ್ಲಿನ ಮನೆಗಳು ಇದೇ ದಾರಿ ಹಿಡಿದಿದ್ದು. ಇರೋ ಸ್ವಲ್ಪ ಮಾಂಸಕ್ಕೆ ಹಳಸಲು ಬ್ರೆಡ್, ಓಟ್ಸ್, ಉಪ್ಪು ಬಿಸ್ಕತ್ತಿನ ಪುಡಿ, ಏನಿದೆಯೋ ಅದನ್ನ ಸೇರಿಸಿ ಎಲ್ಲರ ತಟ್ಟೆಗೂ ಒಂದು ಹೋಳು ಬರೋ ಹಾಗೆ ಮಾಡೋದು.

ಈಗ ಲೆಕ್ಕ. ಆವತ್ತು ನಾವು ಕಲಸಿದ್ದರ ಒಟ್ಟು ತೂಕ ಸುಮಾರು 1,350 ಗ್ರಾಂ, ಅದರಲ್ಲಿ ಮಾಂಸ 900. ಮೂರರಲ್ಲಿ ಎರಡು ಪಾಲು. ಉಳಿದ ಒಂದು ಪಾಲು ಬ್ರೆಡ್, ಹಾಲು, ಮೊಟ್ಟೆ, ಈರುಳ್ಳಿ. ಎಂಟು ಜನಕ್ಕೆ ಧಾರಾಳ. ಬಿಕಾಂ ತಲೆ ತಕ್ಷಣ ಹೇಳಿತು, ಇದು ಖರ್ಚು ಇಳಿಸೋ ಉಪಾಯ ಅಂತ. ನಾನು ಅದನ್ನ ಆ ಅಜ್ಜಿಗೆ ಹೇಳಿಯೂಬಿಟ್ಟೆ.

ಅವರು ನಕ್ಕು ಇನ್ನೊಂದು ಕಥೆ ಹೇಳಿದ್ರು. ಮದುವೆಯಾಗಿ, ಗಂಡನ ಕೆಲಸ ಗಟ್ಟಿಯಾಗಿ, ಕೈಯಲ್ಲಿ ನಾಲ್ಕು ಕಾಸು ಓಡಾಡೋ ಕಾಲ. ಗಂಡನ ಆಫೀಸಿನವರು ಊಟಕ್ಕೆ ಬರೋರಿದ್ರು. ಬ್ರೆಡ್ ಬೆರೆಸಿದ್ದು ಬಡವರ ಊಟ ಅನ್ನಿಸಿ, ಆವತ್ತು ಬ್ರೆಡ್ ಬಿಟ್ಟು ಪೂರ್ತಿ ಮಾಂಸದ್ದೇ ಮಾಡಿದ್ರಂತೆ. ಚಾಕುಗೂ ಬಗ್ಗಲಿಲ್ಲ, ಒಣಗಿ ಹೋಗಿತ್ತು. ಮಾರನೇ ಸಲದಿಂದ ಮತ್ತೆ ಅಮ್ಮನ ಕಾರ್ಡ್.

ಕಾರಣ ಇದೆ. ಬಿಸಿ ತಾಗಿದಾಗ ಮಾಂಸದ ಪ್ರೋಟೀನ್ ಕುಗ್ಗಿ, ಒದ್ದೆ ಬಟ್ಟೆ ಹಿಂಡಿದ ಹಾಗೆ ಒಳಗಿನ ನೀರನ್ನ ಹೊರಗೆ ತಳ್ಳುತ್ತೆ. ಹಾಲು ಕುಡಿದ ಬ್ರೆಡ್ಡಿನ ಪಿಷ್ಟ ಮಧ್ಯೆ ಕೂತು ಮಾಂಸ ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಳ್ಳದಂತೆ ತಡೆಯುತ್ತೆ, ನೀರನ್ನೂ ಹಿಡಿದಿಡುತ್ತೆ. ಅಗ್ಗದ ಸಾಮಗ್ರಿ ಸೇರಿದ್ದಕ್ಕೇ ದುಬಾರಿ ಸಾಮಗ್ರಿ ಚೆನ್ನಾಗಿರೋದು. ಕಾಸ್ಟಿಂಗ್ ಪಾಠದಲ್ಲಿ ಇಂಥದ್ದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇದನ್ನೆಲ್ಲ ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅಮ್ಮ ಸಿಂಕಿನ ಹತ್ತಿರ ಬಟ್ಟಲು ತೊಳೀತಿದ್ರು.

"ನಾನು ಮಾಡ್ತಿದ್ದದ್ದೂ ಅದೇ ಅಲ್ವಾ. ಹುರಿಗಡ್ಲೆ ಇಲ್ದಿದ್ರೆ ಉಂಡೆ ಕಲ್ಲಾಗುತ್ತೆ, ಇಲ್ಲಾ ಸಾರಲ್ಲಿ ಒಡೆದೋಗುತ್ತೆ." ಆಮೇಲೆ ನನ್ನ ಕಡೆ ತಿರುಗಿ, ನಗ್ತಾನೇ ಅಂದ್ರು: "ಕಲಬೆರಕೆ."

ಅವರಿಗೆ ನೆನಪಿತ್ತು. ಅಷ್ಟು ವರ್ಷ ಮರೆತಿರಲಿಲ್ಲ.

"ತಪ್ಪಾಯ್ತಮ್ಮ" ಅಂದೆ.

"ಅವತ್ತು ಜಾಸ್ತಿನೇ ಹಾಕಿದ್ದೆ ಬಿಡು. ಆರು ಜನಕ್ಕೆ ಅಂತ ಕಲಸಿದ್ದು, ನಿನ್ನ ಸ್ನೇಹಿತರು ಬಂದ್ರಲ್ಲ. ಅದಕ್ಕೇ ಇನ್ನೊಂದು ಹಿಡಿ ಸೇರಿಸಿದೆ."

ನನಗೆ ಮಾತು ಹೊರಡಲಿಲ್ಲ. ಆ ಇನ್ನೊಂದು ಹಿಡಿ ನನ್ನ ಮರ್ಯಾದೆ ಉಳಿಸೋಕೆ ಹಾಕಿದ್ದು. ಅದನ್ನೇ ಹಿಡ್ಕೊಂಡು ನಾನು ಅವರ ಮರ್ಯಾದೆ ತೆಗೆದಿದ್ದೆ. ಆ ಅಜ್ಜಿ ಏನಾಯ್ತು ಅಂತ ಕೇಳಿದ್ರು. ಇಂಗ್ಲಿಷಲ್ಲಿ ಹೇಗೆ ಹೇಳೋದು ಅಂತ ಯೋಚಿಸ್ತಾ ನಿಂತೆ. ಕೊನೆಗೆ ಇಡೀ ಕಥೆ ಹೇಳಿದೆ. ಅವರು ಎದ್ದು ಹೋಗಿ ಮೊದಲ ಹೋಳು ಕೊಯ್ದು ಅಮ್ಮನ ತಟ್ಟೆಗೆ ಹಾಕಿದ್ರು. ಅಂಚಿನ ಹೋಳು, ಲೇಪ ಜಾಸ್ತಿ ಇರೋದು. ಅವರ ಮನೇಲಿ ಅದಕ್ಕೇ ಜಗಳ ಆಗ್ತಿತ್ತಂತೆ.

ಊರಿಗೆ ಬಂದ ಮೇಲೆ ನಾನಿದನ್ನ ಮೂರು ಸಲ ಮಾಡಿದೀನಿ. ನಮ್ಮಲ್ಲಿ ಮಾಡೋರಿಗೆ ಎರಡು ಮಾತು. ಮಟನ್ ಕೈಮಾ ತಗೊಳ್ಳಿ, ಸ್ವಲ್ಪ ಕೊಬ್ಬು ಸೇರಿಸಿ ಕೊಚ್ಚಿಕೊಡಿ ಅಂತ ಅಂಗಡಿಯವರಿಗೆ ಹೇಳಿ. ಬ್ರೌನ್ ಶುಗರ್ ಬದಲು ಬೆಲ್ಲದ ಪುಡಿ ನಡೆಯುತ್ತೆ, ಆದ್ರೆ ನಮ್ಮ ಕೆಚಪ್ ಮೊದಲೇ ಸಿಹಿ, ಒಂದು ಚಮಚ ಸಾಕು. ಚಿಕ್ಕ ಓಟಿಜಿ ಆದ್ರೆ ಅರ್ಧ ಅಳತೆ ಮಾಡಿ, 40 ನಿಮಿಷಕ್ಕೇ ಥರ್ಮಾಮೀಟರ್ ಚುಚ್ಚಿ ನೋಡಿ.

ಮೊದಲನೇ ಸಲ ನನ್ನದು ಕೊಯ್ಯುವಾಗ ಪುಡಿಪುಡಿಯಾಯ್ತು. ಅಮ್ಮ ನೋಡಿ, ಬ್ರೆಡ್ ಕಮ್ಮಿ ಹಾಕಿದ್ಯಾ ಅಂತ ಕೇಳಿದ್ರು. ಹೌದು, ಕಮ್ಮಿ ಹಾಕಿದ್ದೆ. ಕೈಗೆ ಇನ್ನೂ ಹಳೇ ಬುದ್ಧಿ.

ನಿಮ್ಮ ಮನೇಲೂ ಒಂದಿಷ್ಟನ್ನ ಹತ್ತು ಜನಕ್ಕೆ ಸಾಲಿಸೋ ಅಡುಗೆ ಇದ್ದೇ ಇರುತ್ತೆ. ಅದನ್ನ ಯಾರು, ಯಾವ ವರ್ಷ, ಯಾಕೆ ಶುರುಮಾಡಿದ್ರು ಅಂತ ಅವರನ್ನೇ ಕೇಳಿ, ವಾಯ್ಸ್ ಮೆಸೇಜ್ ಕಳಿಸಿ. ಆಯ್ದ ಕೆಲವನ್ನ ಮುಂದಿನ ಎಪಿಸೋಡ್‌ನಲ್ಲಿ ಕೇಳಿಸ್ತೀನಿ. ಮುಂದಿನ ವಾರ ಮತ್ತೆ ಇಎಂಐ. ಅಲ್ಲೀವರೆಗೂ ಹೊಟ್ಟೆ ತುಂಬ ಉಂಡು ಆರಾಮಾಗಿರಿ. ನಮಸ್ಕಾರ.