ಬೆರಳಿನ ಬೆಲೆ

ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಬೆಳಗಿನ ಹೊತ್ತು ನಡೆದುಹೋಗುವವರಿಗೆ ಒಂದು ಸದ್ದು ಪರಿಚಿತವಾದುದೇ. ತಾರಸಿಗೆ ಸಿದ್ಧವಾಗುತ್ತಿರುವ ಮನೆಯ ಮೇಲಿನಿಂದ ಬರುವ, ಸೆಂಟ್ರಿಂಗ್ ಹಲಗೆಯನ್ನು ಕೊಯ್ಯುವ ವಿದ್ಯುತ್ ಗರಗಸದ ಕೀರಲು ದನಿ ಅದು. ಮನೆ ಮೇಲೇಳುತ್ತಿದೆಯೆಂದು ನಾವು ಸಂತೋಷಪಡುತ್ತೇವೆ. ಆ ಗರಗಸ ಹಿಡಿದ ಕೈಯ ಬಗ್ಗೆ ಈ ಹೊತ್ತು ನಾಲ್ಕು ಮಾತು.

ಬಡಗಿಯ ಕೈಗರಗಸಕ್ಕೆ ಅವನ ತೋಳೇ ಶಕ್ತಿ. ತೋಳು ನಿಂತರೆ ಗರಗಸವೂ ನಿಲ್ಲುತ್ತದೆ. ವಿದ್ಯುತ್ ಗರಗಸಕ್ಕೆ ಈ ವಿಧೇಯತೆಯಿಲ್ಲ. ಅದರ ಅಲಗು ನಿಮಿಷಕ್ಕೆ ಸುಮಾರು 5,000 ಸುತ್ತು ತಿರುಗುತ್ತದೆ. ಹಲಗೆಯ ಸೀಳು ಕುಗ್ಗಿ ಅಲಗನ್ನು ಕಚ್ಚಿತೆಂದರೆ ಇಡೀ ಯಂತ್ರ ಹಿಡಿದವನ ಕಡೆಗೇ ಜಿಗಿಯುತ್ತದೆ. ಅದಕ್ಕೆಂದೇ ತಾನಾಗಿ ಮುಚ್ಚಿಕೊಳ್ಳುವ ಕವಚವೊಂದುಂಟು. ಕೆಲಸಕ್ಕೆ ಅಡ್ಡಿಯೆಂದು ಅದನ್ನು ತಂತಿಯಿಂದ ಕಟ್ಟಿಹಾಕುವುದೂ ಉಂಟು. ಕಲ್ಲು ಕೊಯ್ಯುವ ಸಣ್ಣ ಯಂತ್ರಕ್ಕೆ ಮರದ ಅಲಗು ಸಿಕ್ಕಿಸುವ ರೂಢಿ ಇನ್ನೂ ಅಪಾಯಕರ. ಅದರ ವೇಗ 10,000 ಸುತ್ತನ್ನೂ ಮೀರುತ್ತದೆ. ಮೇಲೆ ಮೇಜಿಲ್ಲ, ಹಿಡಿಕೆಯಿಲ್ಲ. ಕಾಲಿನಿಂದ ಹಲಗೆಯನ್ನು ಅದುಮಿ ಕೊಯ್ಯಬೇಕು.

1923ರ ಕಾರ್ಮಿಕರ ಪರಿಹಾರ ಕಾಯಿದೆಯ ತಿದ್ದುಪಡಿಯಾದ ಅನುಬಂಧ ಬೆರಳುಗಳನ್ನು ಒಂದೊಂದಾಗಿ ತೂಗಿತ್ತು. ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿಯಲ್ಲಿ ನೂರಕ್ಕೆ 30 ನಷ್ಟ, ಇಡೀ ತೋರುಬೆರಳಿಗೆ 14, ನಡುಬೆರಳಿಗೆ 12, ಕಿರುಬೆರಳಿಗೆ 7. ಪರಿಹಾರ ನಿರ್ಣಯಿಸಲು ಇಂಥ ಪಟ್ಟಿ ಬೇಕು, ನಿಜ. ಆದರೆ ಮೊಳೆ ಹಿಡಿಯಲಾರದ ಬಡಗಿಗೆ ಹೆಬ್ಬೆರಳು ಮೂವತ್ತೇ?

ಕಟ್ಟಡ ಕಾರ್ಮಿಕರ ಸುರಕ್ಷತೆಗೆಂದೇ 1996ರಲ್ಲಿ ಪ್ರತ್ಯೇಕ ಕಾನೂನು ಬಂದಿತು. 10 ಲಕ್ಷ ರೂಪಾಯಿಯೊಳಗಿನ ವೆಚ್ಚದ ಸ್ವಂತ ವಾಸದ ಮನೆಯನ್ನು ಅದು ಹೊರಗಿಟ್ಟಿತ್ತು. 2020ರ ಸಂಹಿತೆ ಆ ಮಿತಿಯನ್ನು 50 ಲಕ್ಷಕ್ಕೆ ಏರಿಸಿತು. ಅಂದರೆ ನಮ್ಮ ನಿಮ್ಮಂಥವರು ಕಟ್ಟಿಸುವ ಮನೆಯ ಮೇಲೆ ಕಣ್ಣಿಡಬೇಕಾದವರು ನಾವೇ.

ಅವಘಡ ನಡೆದೇಹೋದರೆ? ಗಾಯವನ್ನು ಶುಭ್ರ ಬಟ್ಟೆಯಿಂದ ಬಲವಾಗಿ ಒತ್ತಿ, ಕೈಯನ್ನು ಮೇಲೆತ್ತಿ ಹಿಡಿಯಬೇಕು. ತುಂಡಾದ ಬೆರಳನ್ನು ಎಸೆಯಬಾರದು. ತೇವದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಆ ಚೀಲವನ್ನು ಮಂಜುಗಡ್ಡೆಯ ಮೇಲಿಡಬೇಕು. ಮಂಜುಗಡ್ಡೆ ಬೆರಳಿಗೆ ನೇರವಾಗಿ ತಾಕಕೂಡದು. ಹೀಗೆ ಕೊಂಡೊಯ್ದರೆ ಅದನ್ನು ಮರುಜೋಡಿಸುವ ಸಾಧ್ಯತೆ ಉಳಿಯುತ್ತದೆ. ಬೆಂಗಳೂರಿಗೇ ಹೋಗಬೇಕಾದರೂ ದಾರಿ ಸುಮಾರು 70 ಕಿಲೋಮೀಟರು. ಹೊತ್ತು ಕಳೆಯಬಾರದು, ಅಷ್ಟೆ.

ಕವಚ ಕಟ್ಟಿಹಾಕುವ ಕೈಯನ್ನು ಅವಸರಪಡಿಸುವವರು ಯಾರು? ಒಳ್ಳೆಯ ದಿನ ತಪ್ಪೀತೆಂದು, ಕಾಂಕ್ರೀಟಿನವರು ಬಂದಾರೆಂದು ಕೆಳಗೆ ನಿಂತು ಕೂಗುವವರು ನಾವು. "ಯಾವಾಗ ಮುಗಿಯುತ್ತದೆ?" ಎಂದು ಕೇಳುವ ಮುನ್ನ ಒಮ್ಮೆ ಏಣಿ ಹತ್ತಿ ಆ ಕವಚ ಸರಿಯಿದೆಯೇ ಎಂದು ನೋಡೋಣ. ಒಂದು ದಿನ ತಡವಾದರೂ ತಾರಸಿ ಬಿದ್ದೀತು.