ಜೀವಿಗಳ ನಾಮಕರಣ



ದಾವಣಗೆರೆಯ ಧಾನ್ಯದ ಮಂಡಿಯಲ್ಲಿ ಜೋಳದ ಧಾರಣೆಯನ್ನು ಕೇಳಿದರೆ, ಯಾವ ಜೋಳವೆಂದು ವ್ಯಾಪಾರಿಯು ಮರಳಿ ನಮ್ಮನ್ನೇ ಕೇಳುವನು. ರೊಟ್ಟಿಯ ಜೋಳ ಒಂದು, ಮೆಕ್ಕೆಜೋಳ ಇನ್ನೊಂದು. ಮೊದಲನೆಯದು ಆಫ್ರಿಕದ ಮೂಲದ್ದು. ಅದರ ಕಾಳು ದಂಟಿನ ತುದಿಯಲ್ಲಿಯೇ ಕಟ್ಟುವುದು. ಎರಡನೆಯದು ಮೆಕ್ಸಿಕೋ ದೇಶದಿಂದ ಹೊರಟು ಬಂದುದು. ಅದರ ತುದಿಯಲ್ಲಿ ಗಂಡುಹೂಗಳು ಮಾತ್ರ ಇದ್ದು, ಕಾಳಿನ ತೆನೆಯು ಎಲೆಯ ಬುಡದಲ್ಲಿ ಮೂಡುವುದು. ಎರಡೂ ಹುಲ್ಲಿನ ಕುಟುಂಬದವೇ ಆದರೂ ಜಾತಿ ಬೇರೆ. ಹೆಸರು ಮಾತ್ರ ಒಂದೇ.

ಪ್ರಾಣಿಗಳ ವಿಷಯವೂ ಹೀಗೆಯೇ. ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕುರುಚಲು ಕಾಡಿನಲ್ಲಿ ಕೊಂಡುಕುರಿ ಎಂಬ ಮೃಗವುಂಟು. ಮಲೆನಾಡಿನಲ್ಲಿ ಕಾಡುಕುರಿ ಎಂಬುದೊಂದುಂಟು. ಎರಡೂ ಕುರಿಗಳಲ್ಲ. ಕಾಡುಕುರಿಯು ಜಿಂಕೆಯ ಕುಟುಂಬಕ್ಕೆ ಸೇರಿದುದು; ಅದರ ಕೊಂಬುಗಳು ಉದುರಿ ಮತ್ತೆ ಹುಟ್ಟುವುವು. ಕೊಂಡುಕುರಿಯ ಕೊಂಬು ಉದುರುವುದಿಲ್ಲ. ಎಲುಬಿನ ತಿರುಳಿನ ಮೇಲೆ ಕೊಂಬಿನ ಒರೆಯಿರುವ ದನ, ಆಡುಗಳ ಕುಟುಂಬ ಅದರದು. ಗಂಡಿಗೆ ನಾಲ್ಕು ಕೊಂಬುಗಳಿರುವುದೇ ಅದರ ವಿಶೇಷ.

ಆಡುಮಾತಿನ ಹೆಸರುಗಳು ತಪ್ಪೆಂದು ನಾವು ಹೇಳುವುದಿಲ್ಲ. ಹೊಲಕ್ಕೂ ಅಡಿಗೆಮನೆಗೂ ಅವು ಸಾಕು. ಆದರೆ ಧಾರವಾಡದವನು, ಬಂಗಾಳದವನು, ಬ್ರೆಜಿಲಿನವನು ಒಂದೇ ಗಿಡವನ್ನು ಕುರಿತು ಮಾತನಾಡಬೇಕಾದರೆ ಎಲ್ಲರಿಗೂ ಒಪ್ಪುವ ಹೆಸರೊಂದು ಬೇಕು. ಇದನ್ನು ವ್ಯವಸ್ಥೆಗೆ ತಂದವನು ಸ್ವೀಡನ್ ದೇಶದ ಲಿನೇಯಸ್. ಗಿಡಗಳಿಗೆ 1753ರಲ್ಲಿಯೂ ಪ್ರಾಣಿಗಳಿಗೆ 1758ರಲ್ಲಿಯೂ ಅವನು ಪ್ರಕಟಿಸಿದ ಗ್ರಂಥಗಳೇ ಇಂದಿನ ನಾಮಕರಣಕ್ಕೆ ಆರಂಭಬಿಂದು. ಅವನ ಕ್ರಮದಲ್ಲಿ ಪ್ರತಿಯೊಂದು ಜೀವಿಗೂ ಎರಡು ಪದಗಳ ಹೆಸರು: ಮೊದಲನೆಯ ಪದ ಜಾತಿಯನ್ನೂ, ಎರಡೂ ಪದಗಳು ಕೂಡಿ ಪ್ರಭೇದವನ್ನೂ ತಿಳಿಸುವುವು. ಹೀಗೆ ಕೊಂಡುಕುರಿಯು ಟೆಟ್ರಾಸೆರಸ್ ಕ್ವಾಡ್ರಿಕಾರ್ನಿಸ್. ಪ್ರಭೇದಗಳು ಸೇರಿ ಜಾತಿ, ಜಾತಿಗಳು ಸೇರಿ ಕುಟುಂಬ, ಅದರ ಮೇಲೆ ಗಣ, ವರ್ಗ, ವಂಶ ಎಂದು ಮೆಟ್ಟಿಲುಗಳು ಏರುತ್ತ ಹೋಗುವುವು.

ಈ ಮೆಟ್ಟಿಲುಗಳನ್ನು ಕಟ್ಟುವುದು ಹೇಗೆ? ದಾವಣಗೆರೆಗೆ ಒಂದು ಕಾಲದಲ್ಲಿ ಗಿರಣಿಗಳ ಕೀರ್ತಿಯನ್ನು ತಂದ ಹತ್ತಿಯನ್ನೇ ನೋಡೋಣ. ಹತ್ತಿ, ಬೆಂಡೆ, ಪುಂಡಿ, ದಾಸವಾಳ ಇವುಗಳ ಹೂವನ್ನು ಬಿಡಿಸಿದರೆ, ಎಲ್ಲದರಲ್ಲಿಯೂ ಕೇಸರಗಳು ಒಂದುಗೂಡಿ ಕೊಳವೆಯಾಗಿ ನಡುವಣ ಶಲಾಕೆಯನ್ನು ಸುತ್ತಿಕೊಂಡಿರುವುದು ಕಾಣುವುದು. ಇವೆಲ್ಲವೂ ಒಂದೇ ಕುಟುಂಬ. ಅವುಗಳೊಳಗೆ ಹತ್ತಿಯ ಜಾತಿಯ ಹೆಸರು ಗಾಸಿಪಿಯಮ್. ಮನುಷ್ಯನು ಬೆಳೆಯುವ ಹತ್ತಿ ನಾಲ್ಕು ಪ್ರಭೇದಗಳದು. ಹಳೆಯ ಜಗತ್ತಿನ ಹರ್ಬೇಸಿಯಮ್ ಮತ್ತು ಆರ್ಬೋರಿಯಮ್‌ಗಳ ಜೀವಕೋಶದಲ್ಲಿ 26 ವರ್ಣತಂತುಗಳು. ಅಮೆರಿಕದ ಹಿರ್ಸೂಟಮ್ ಮತ್ತು ಬಾರ್ಬಡೆನ್ಸ್‌ಗಳಲ್ಲಿ 52.

ಈ ಲೆಕ್ಕದಿಂದ ರೈತನಿಗೇನು ಎಂದು ಕೇಳಬಹುದು. ನಮ್ಮ ಕರಿಮಣ್ಣಿನ ಜಯಧರ ಹತ್ತಿಯು ಹರ್ಬೇಸಿಯಮ್. ಅದನ್ನು ಹಿರ್ಸೂಟಮ್ಮಿನೊಡನೆ ಬೆರಸಿದರೆ ಹುಟ್ಟುವ ಸಸಿಗೆ 13 ಮತ್ತು 26 ಕೂಡಿ 39 ವರ್ಣತಂತುಗಳಾಗುವುವು. ಅವು ಸರಿಯಾಗಿ ಜೋಡಿಗೂಡಲಾರದೆ ಗಿಡವು ಸಾಮಾನ್ಯವಾಗಿ ಬಂಜೆಯಾಗುವುದು. ಹಿರ್ಸೂಟಮ್ ಮತ್ತು ಬಾರ್ಬಡೆನ್ಸ್‌ಗಳಿಗೆ ಈ ತೊಡಕಿಲ್ಲ. 1972ರಲ್ಲಿ ಧಾರವಾಡದಲ್ಲಿ ಬಿ. ಎಚ್. ಕಟರ್ಕಿಯವರು ಹೊರತಂದ ವರಲಕ್ಷ್ಮಿ ಹತ್ತಿಯು ಇವೆರಡರ ಸಂಕರವೇ. ವರ್ಗೀಕರಣವು ಬರಿಯ ಹೆಸರಿನ ಪಟ್ಟಿಯಾಗಿರದೆ ಬಂಧುತ್ವದ ಲೆಕ್ಕವೂ ಆಗಿರುವುದರಿಂದ ಇಂತಹ ಫಲ ದೊರೆಯುವುದು.

ಇನ್ನು, ಒಂದು ಹೆಸರಿಗೆ ಎರಡು ಜೀವಿಗಳಿರುವಂತೆಯೇ ಒಂದು ಜೀವಿಗೆ ಎರಡು ಹೆಸರುಗಳೂ ಬೀಳುವುದುಂಟು. ಹರಿಹರದಲ್ಲಿ ತುಂಗಭದ್ರೆಯ ದಡದ ಮೇಲೆ ಹೊಯ್ಸಳ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ದೇವಾಲಯದಲ್ಲಿ ಹರಿಯೂ ಹರನೂ ಒಂದೇ ಮೂರ್ತಿಯಾಗಿ ನಿಂತಿರುವರು. ಅಲ್ಲಿ ಎರಡು ಹೆಸರನ್ನೂ ಉಳಿಸಿಕೊಂಡುದೇ ಸೊಗಸು. ಜೀವಿಶಾಸ್ತ್ರದಲ್ಲಿ ಅದು ಸಲ್ಲದು. ನಿಯಮದಂತೆ ಮೊದಲು ಪ್ರಕಟವಾದ ಹೆಸರು ಸಾಮಾನ್ಯವಾಗಿ ನಿಲ್ಲುವುದು; ತರುವಾಯದ್ದು ಪರ್ಯಾಯನಾಮವಾಗಿ ಹಿಂದೆ ಸರಿಯುವುದು. 1801ರಲ್ಲಿ ಹರಿಹರದ ಮಾರ್ಗವಾಗಿ ಪ್ರಯಾಣಮಾಡಿದ ಫ್ರಾನ್ಸಿಸ್ ಬುಕಾನನ್ ಮುಂದೆ ಹ್ಯಾಮಿಲ್ಟನ್ ಎಂಬ ಹೆಸರನ್ನು ತಳೆದು, 1822ರಲ್ಲಿ ಗಂಗಾನದಿಯ ಮೀನುಗಳನ್ನು ಕುರಿತು ಗ್ರಂಥವನ್ನು ಪ್ರಕಟಿಸಿದನು. ಇಂದು ನಮ್ಮ ಕೆರೆಗಳಲ್ಲಿ ಸಾಕುವ ರೋಹು ಮೀನಿಗೆ ಅವನಿಟ್ಟ ಹೆಸರು ಸಿಪ್ರೈನಸ್ ರೋಹಿಟ. ಬಂಧುತ್ವವು ಚೆನ್ನಾಗಿ ತಿಳಿದ ಮೇಲೆ ಅದನ್ನು ಲೇಬಿಯೋ ಜಾತಿಗೆ ಸೇರಿಸಿದರು. ರೋಹಿಟ ಎಂಬ ಪದ ಮಾತ್ರ ಉಳಿಯಿತು. ಈಗ ಡಿ. ಎನ್. ಎ. ಪರೀಕ್ಷೆಯಿಂದ ಇಂತಹ ತಿದ್ದುಪಡಿಗಳು ಇನ್ನೂ ಹೆಚ್ಚಾಗಿವೆ.

ಇಷ್ಟೆಲ್ಲ ಶ್ರಮವು ವಿದ್ವಾಂಸರ ವಿನೋದಕ್ಕಾಗಿ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಕೊಂಡುಕುರಿಯು ತನ್ನ ಲ್ಯಾಟಿನ್ ಹೆಸರಿನೊಡನೆ ಸೇರಿದೆ. 2011ರಲ್ಲಿ ರಂಗಯ್ಯನದುರ್ಗವನ್ನು ಅಭಯಾರಣ್ಯವೆಂದು ಘೋಷಿಸಿದುದೂ ಆ ಪ್ರಾಣಿಯ ಸಲುವಾಗಿಯೇ. ಕೊಂದವನು 'ಅದು ಬರಿಯ ಕುರಿ' ಎಂದು ವಾದಿಸಿದರೆ, ನ್ಯಾಯಾಲಯದಲ್ಲಿ ಆ ಮೂಕಪ್ರಾಣಿಯ ಪಕ್ಷವನ್ನು ಹಿಡಿಯುವುದು ಈ ಹೆಸರೇ. ಹೆಸರಿಲ್ಲದ ಜೀವಿಯನ್ನು ಕಾನೂನು ಕಾಯಲಾರದು. ಅದು ಅಳಿದರೂ ಲೆಕ್ಕಕ್ಕೆ ಬಾರದು.

ನಾಳೆ ಹಿತ್ತಲಿನ ದಾಸವಾಳವನ್ನು ಕೀಳುವಾಗ ಅದರ ಕೇಸರದ ಕೊಳವೆಯನ್ನೊಮ್ಮೆ ನೋಡಿ, ಬೆಂಡೆಯ ಹೂವಿನೊಡನೆ ಹೋಲಿಸಿರಿ. ವರ್ಗೀಕರಣದ ಮೊದಲ ಪಾಠವು ಅಷ್ಟರಿಂದಲೇ ಆಗುವುದು.