ಕಣಜದ ಬೀಜ, ಅಂಗಡಿಯ ಬೀಜ

(ಬೆಂಗಳೂರು ದಂಡಿನ ರಸೆಲ್ ಮಾರುಕಟ್ಟೆ ಬಳಿ ಸೇರಿದ್ದ ರೈತರ ಮುಂದೆ ಆಡಿದ ಮಾತುಗಳ ಬರಹ ರೂಪ)



ಈ ರಸೆಲ್ ಮಾರುಕಟ್ಟೆ 1927ರಲ್ಲಿ ಕಟ್ಟಿದ್ದು. ದಂಡಿನ ಜನಕ್ಕೆ ತರಕಾರಿ, ಹಣ್ಣು, ಮಾಂಸ ಒದಗಿಸಲು ಹುಟ್ಟಿದ ಜಾಗ. ಒಳಗೆ ಒಂದು ಸುತ್ತು ಹಾಕಿ ಬನ್ನಿ. ಟೊಮ್ಯಾಟೊ, ದೊಣ್ಣೆ ಮೆಣಸಿನಕಾಯಿ, ಹೂಕೋಸು ಎಲ್ಲಾ ಅಳೆದಿಟ್ಟ ಹಾಗೆ ಒಂದೇ ಗಾತ್ರ. ಇವುಗಳಲ್ಲಿ ಹೆಚ್ಚಿನವು ಸಂಕರ ಬೀಜದ ಬೆಳೆ. ಆ ಬೀಜ ಪ್ರತಿ ಬೆಳೆಗೂ ಹೊಸದಾಗಿ ಕೊಳ್ಳಬೇಕು. ಆದರೆ ನಮ್ಮ ಮನೆಯ ರಾಗಿ ಬೀಜ ಕಣಜದಲ್ಲೇ ಇರುತ್ತದೆ. ಯಾಕೆ ಹೀಗೆ? ಇದು ವಿಜ್ಞಾನದ ಮಾತು ಅಂತ ಕೈಬಿಡಬೇಡಿ. ನಮ್ಮ ಸಾಲದ ಲೆಕ್ಕ ಇದರಲ್ಲೇ ಇದೆ.

ಮೊದಲು ಎಲೆಯಿಂದ ಶುರು ಮಾಡೋಣ. ಪೈರಿನ ಅಡುಗೆಮನೆ ಎಲೆ. ಬಿಸಿಲಿನ ಶಕ್ತಿಯಿಂದ, ಬೇರಿನ ನೀರು ಮತ್ತು ಗಾಳಿಯ ಇಂಗಾಲದ ಡೈಆಕ್ಸೈಡು ಸೇರಿಸಿ ಅದು ಸಕ್ಕರೆ ಮಾಡುತ್ತದೆ. ದ್ಯುತಿಸಂಶ್ಲೇಷಣೆ ಅನ್ನುವುದು ಇದಕ್ಕೇ. ಬಿಸಿಲು ಏರಿದಾಗ ಭತ್ತದ ಎಲೆ, ಟೊಮ್ಯಾಟೊ ಎಲೆ ಆ ಅನಿಲದ ಬದಲು ಆಮ್ಲಜನಕವನ್ನೂ ಹಿಡಿದು, ಮಾಡಿದ್ದರಲ್ಲಿ ಒಂದು ಪಾಲು ಹಾಳು ಮಾಡಿಕೊಳ್ಳುತ್ತದೆ. ರಾಗಿ, ಜೋಳ, ಕಬ್ಬು ಹಾಗಲ್ಲ. ಇವು ಆ ಅನಿಲವನ್ನು ಹೊರಗಿನ ಕೋಶಗಳಲ್ಲಿ ಮೊದಲು ಹಿಡಿದು, ಎಲೆನರಗಳ ಸುತ್ತಲಿನ ಕೋಶಗಳಿಗೆ ತುಂಬುತ್ತವೆ. ಹಾಗಾಗಿ ನಷ್ಟ ಬಹಳ ಕಡಿಮೆ. ಎಲೆಯ ಸಣ್ಣ ರಂಧ್ರಗಳನ್ನು ಅಗಲವಾಗಿ ತೆರೆಯಬೇಕಾಗಿಲ್ಲ, ನೀರೂ ಉಳಿಯುತ್ತದೆ. ಆಸ್ಟ್ರೇಲಿಯದಲ್ಲಿ ಹ್ಯಾಚ್ ಮತ್ತು ಸ್ಲ್ಯಾಕ್ ಎಂಬ ವಿಜ್ಞಾನಿಗಳು 1966ರಲ್ಲಿ ಕಬ್ಬಿನ ಎಲೆ ಇಟ್ಟುಕೊಂಡು ಈ ದಾರಿಯನ್ನು ಬಿಡಿಸಿ ತೋರಿಸಿದರು. ನಮ್ಮ ಹಿರಿಯರು ಒಣಭೂಮಿಗೆ ರಾಗಿಯನ್ನೇ ಹಾಕಿದ್ದು ಸುಮ್ಮನೆ ಅಲ್ಲ.

ಎಲೆ ಚೆನ್ನಾಗಿದ್ದರೆ ಸಾಲದು, ಮಾಡಿದ ಸಕ್ಕರೆ ಕಾಳಿಗೆ ಇಳಿಯಬೇಕು. ಅಲ್ಲಿಗೆ ಬಂದವರು ಮಂಡ್ಯದ ವಿ.ಸಿ. ಫಾರಂನ ಲಕ್ಷ್ಮಣಯ್ಯನವರು. 1921ರಲ್ಲಿ ಹುಟ್ಟಿ 1993ರಲ್ಲಿ ತೀರಿಕೊಂಡ ಇವರನ್ನು ಜನ ರಾಗಿ ಲಕ್ಷ್ಮಣಯ್ಯ, ರಾಗಿ ಬ್ರಹ್ಮ ಅಂತಲೇ ಕರೆದರು. ರಾಗಿಯ ಹೂವು ತೀರಾ ಸಣ್ಣದು. ತನ್ನ ಪರಾಗದಿಂದ ತಾನೇ ಕಾಳು ಕಟ್ಟುತ್ತದೆ. ಅಂಥ ಪೈರಿನಲ್ಲಿ ಎರಡು ತಳಿ ಕೂಡಿಸುವುದು ಬಹಳ ತಾಳ್ಮೆಯ ಕೆಲಸ. ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ ತಳಿಗಳು ಅವರ ಕೈಯಿಂದ ಬಂದವು. ಆಮೇಲೆ ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿದರು. ಇಂಡಿಯ, ಆಫ್ರಿಕ ಎರಡೂ ಸೇರಿ ಇಂಡಾಫ್ ಆಯಿತು.

ಇಲ್ಲಿ ಗಮನಿಸಿ. ಅವರು ಕೂಡಿಸಿ ಅಷ್ಟಕ್ಕೇ ನಿಲ್ಲಿಸಲಿಲ್ಲ. ಪೀಳಿಗೆ ಮೇಲೆ ಪೀಳಿಗೆ ಬೆಳೆದು, ಒಳ್ಳೆಯ ತೆನೆ ಆರಿಸಿ, ಗುಣ ನೆಲೆ ನಿಲ್ಲುವ ತನಕ ಕಾದರು. ಆದ್ದರಿಂದಲೇ ಇಂಡಾಫ್ ಬೀಜವನ್ನು ನಾವು ಇಟ್ಟುಕೊಂಡು ಬಿತ್ತಿದರೂ ಇಂಡಾಫೇ ಬಂತು. ಮುಂದೆ ಬೆಂಕಿರೋಗ ತಡೆಯುವ ಜಿಪಿಯು-28 ಬಂದದ್ದೂ ಇದೇ ದಾರಿಯಲ್ಲಿ. 2017ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಶೈಲಜಾ ಹಿತ್ತಲಮನಿಯವರ ತಂಡ ಎಂಎಲ್-365 ರಾಗಿಯ ವಂಶವಾಹಿಗಳ ಪೂರ್ಣ ಓಲೆಯನ್ನೇ ಓದಿ ಪ್ರಕಟಿಸಿತು.

ಸಂಕರ ಬೀಜದ ಕತೆ ಬೇರೆ. ಎರಡು ತಳಿ ಕೂಡಿಸಿದ ಮೊದಲ ಪೀಳಿಗೆಯನ್ನೇ ಪೊಟ್ಟಣ ಕಟ್ಟಿ ಮಾರುತ್ತಾರೆ. ಆ ಒಂದು ಬೆಳೆ ಭರ್ಜರಿ. ಅದರ ಬೀಜ ಬಿತ್ತಿದರೆ ಅಜ್ಜ ಅಜ್ಜಿಯರ ಗುಣಗಳೆಲ್ಲ ಚದುರಿ, ಒಂದು ಗಿಡದಂತೆ ಇನ್ನೊಂದು ಇರುವುದಿಲ್ಲ. ಇದು ಮೋಸವಲ್ಲ, ಪ್ರಕೃತಿ ನಿಯಮ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮ್ಯಾಟೊ ಕೂಡ ಸಂಕರವೇ. ಎಲೆ ಮುಟುರು, ಸೊರಗು, ಎಲೆಚುಕ್ಕೆ ಮೂರನ್ನೂ ತಡೆಯುತ್ತದೆ, ಔಷಧಿ ಖರ್ಚು ಉಳಿಸುತ್ತದೆ. ಬೇಕಾದರೆ ಕೊಳ್ಳಿ. ಆದರೆ ಅದೇ ಸಂಸ್ಥೆಯ ಅರ್ಕಾ ವಿಕಾಸ್ ಟೊಮ್ಯಾಟೊ, ಅರ್ಕಾ ಅನಾಮಿಕ ಬೆಂಡೆ ಸಂಕರವಲ್ಲ, ಬೀಜ ಇಟ್ಟುಕೊಳ್ಳಬಹುದು. ಇದನ್ನು ಅಂಗಡಿಯವನು ತಾನಾಗಿ ಹೇಳುತ್ತಾನೆಯೇ?

ಕಾನೂನೂ ತಿಳಿದಿರಲಿ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ, 39ನೇ ಕಲಮು. ನೋಂದಾಯಿಸಿದ ತಳಿಯಾದರೂ ನಾವು ಬೀಜ ಉಳಿಸಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ನೋಂದಾಯಿತ ತಳಿಯೆಂದು ಅಚ್ಚು ಹಾಕಿದ ಪೊಟ್ಟಣದಲ್ಲಿ ಮಾರುವ ಹಾಗಿಲ್ಲ, ಅಷ್ಟೆ. ನೋಂದಾಯಿತ ತಳಿಯ ಬೀಜ ಹೇಳಿದಷ್ಟು ಫಲ ಕೊಡದಿದ್ದರೆ ಪರಿಹಾರ ಕೇಳುವ ಹಕ್ಕೂ ಅಲ್ಲೇ ಇದೆ.

ಆದ್ದರಿಂದ ಮೂರು ಕೆಲಸ ಮಾಡಿ. ಕೊಳ್ಳುವ ಮುಂಚೆ ಸಂಕರವೋ, ನೆಲೆ ನಿಂತ ತಳಿಯೋ ಕೇಳಿ. ರಸೀದಿ, ಪೊಟ್ಟಣ ಎರಡನ್ನೂ ಬೆಳೆ ಮುಗಿಯುವ ತನಕ ಎತ್ತಿಡಿ. ರಾಗಿ ಕೊಯ್ಲಿಗೆ ಮೊದಲು ಹೊಲದೊಳಗೆ ನಡೆದು, ರೋಗವಿಲ್ಲದ ತುಂಬು ತೆನೆಗಳನ್ನು ಬೇರೆ ಕೊಯ್ದು, ಬೇರೆ ಬಡಿದು, ಚೆನ್ನಾಗಿ ಒಣಗಿಸಿ ಇಡಿ. ಕಣಜದಲ್ಲಿ ಬೀಜ ಇದ್ದವನು ಹದ ಮಳೆ ಬಿದ್ದ ದಿನ ಸಾಲಕ್ಕಾಗಿ ಯಾರ ಬಾಗಿಲಿಗೂ ಹೋಗಬೇಕಾಗಿಲ್ಲ.